ಹೆಸರಿಗೆ ನಿಯಮ ಬರೆದ ಕೇಶಿರಾಜ

ಜಾವಾ ಲ್ಯಾಬ್‌ನಲ್ಲಿ ಎಲ್ಲರೂ ಒಮ್ಮೆ ಬೈಸಿಕೊಂಡಿರ್ತೀವಿ: ಕ್ಲಾಸ್ ಹೆಸರು ದೊಡ್ಡಕ್ಷರದಿಂದ ಶುರುವಾಗಬೇಕು, ವೇರಿಯೇಬಲ್‌ದು ಸಣ್ಣಕ್ಷರದಿಂದ. ತಪ್ಪಿದರೆ ಕಂಪೈಲರ್ ಏನೂ ಅನ್ನಲ್ಲ, ಆಮೇಲೆ ಅದನ್ನು ಓದುವವನು ಒದ್ದಾಡ್ತಾನೆ. ಓದುವವನಿಗಾಗಿ ಇಂಥದ್ದೇ ನಿಯಮಗಳನ್ನು ಸುಮಾರು 1260ರಲ್ಲಿ ಕನ್ನಡಕ್ಕೆ ಬರೆದವನು ಕೇಶಿರಾಜ.

ತರೀಕೆರೆಯಿಂದ ಸುಮಾರು 10 ಕಿ.ಮೀ. ದೂರದ ಅಮೃತಾಪುರಕ್ಕೆ ಟ್ರಿಪ್ ಹೋದವರು ಅಮೃತೇಶ್ವರ ದೇವಸ್ಥಾನದ ಎತ್ತರದ ಶಾಸನ ನೋಡಿರ್ತೀರಿ. ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಗುಡಿ ಅದು. ಶಾಸನದ ಪದ್ಯಗಳು ಕವಿ ಜನ್ನನವು. ಆ ಜನ್ನನ ಸೋದರಳಿಯನೇ ಕೇಶಿರಾಜ. ಅಪ್ಪ ಮಲ್ಲಿಕಾರ್ಜುನ, ಹಳೆಯ ಕವಿಗಳ ಪದ್ಯ ಆರಿಸಿ 'ಸೂಕ್ತಿಸುಧಾರ್ಣವ' ಮಾಡಿದವನು. ತಾಯಿಯ ತಂದೆ ಸುಮನೋಬಾಣನೂ ಕವಿ. ಅಂದ್ರೆ ಹುಡುಗನಿಗೆ ಮನೆಯಲ್ಲೇ ದೊಡ್ಡ ಕೋಡ್‌ಬೇಸ್ ಇತ್ತು.

ನಾಗವರ್ಮ ಅವನಿಗಿಂತ ಮೊದಲೇ ಕನ್ನಡಕ್ಕೆ ವ್ಯಾಕರಣ ಬರೆದಿದ್ದ, ಆದರೆ 'ಕರ್ನಾಟಕ ಭಾಷಾಭೂಷಣ' ಸಂಸ್ಕೃತದಲ್ಲಿದೆ. ಕೇಶಿರಾಜನ 'ಶಬ್ದಮಣಿದರ್ಪಣ' ಕನ್ನಡದಲ್ಲೇ ಇದೆ. ಸೂತ್ರಗಳು ಕಂದಪದ್ಯದಲ್ಲಿ, ಕೆಳಗೆ ವಿವರಣೆ, ಜೊತೆಗೆ ಹಿಂದಿನ ಕವಿಗಳ ಪ್ರಯೋಗ. ಮೊದಲು ಬಳಕೆ ನೋಡು, ಆಮೇಲೆ ನಿಯಮ ಮಾಡು ಅನ್ನೋದು ಅವನ ದಾರಿ.

ಹೆಸರುಗಳಲ್ಲಿ ರೂಢನಾಮ, ಅನ್ವರ್ಥನಾಮ, ಅಂಕಿತನಾಮ ಅಂತ ವಿಂಗಡಿಸಿದ. ನದಿ ರೂಢನಾಮ, ಭದ್ರಾ ಅಂಕಿತನಾಮ. ನಮ್ಮ ಭಾಷೇಲಿ ಒಂದು ಕ್ಲಾಸ್, ಇನ್ನೊಂದು ಅದರ ಆಬ್ಜೆಕ್ಟ್. ಗುಣವನ್ನೋ ಕೆಲಸವನ್ನೋ ನೋಡಿ ಇಟ್ಟ ಹೆಸರು ಅನ್ವರ್ಥ. ಒಳ್ಳೆ ವೇರಿಯೇಬಲ್ ಹೆಸರೆಲ್ಲ ಈ ಜಾತಿಯದೇ. ಹೆಂಡತಿ ಎಂಬ ಅರ್ಥದ 'ದಾರ' ಸಂಸ್ಕೃತದಲ್ಲಿ ಪುಲ್ಲಿಂಗ, 'ಕಳತ್ರ' ನಪುಂಸಕ. ಕನ್ನಡದಲ್ಲಿ ಹಾಗಲ್ಲ, ಲಿಂಗ ಅರ್ಥವನ್ನೇ ಹಿಂಬಾಲಿಸುತ್ತೆ. ಇದನ್ನು ಗುರುತಿಸಿದವನೇ ಒಟ್ಟು 9 ಲಿಂಗ ಎಣಿಸಿದ್ದು ಮಾತ್ರ ಸ್ವಲ್ಪ ಓವರ್ ಎಂಜಿನಿಯರಿಂಗ್ ಅನ್ಸುತ್ತೆ.

ನನಗೆ ತುಂಬ ಹಿಡಿಸಿದ್ದು ಅರಿಸಮಾಸದ ನಿಯಮ. ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿ ಸಮಾಸ ಮಾಡಬಾರದು ಅಂದ. ಒಂದೇ ಫೈಲ್‌ನಲ್ಲಿ ಎರಡು ಶೈಲಿ ಬೆರೆಸಬೇಡಿ ಅನ್ನೋ ಹಾಗೆ. ಆದರೆ ಬಿರುದುಗಳಿಗೂ, ಹಿಂದಿನವರು ಆಗಲೇ ಬಳಸಿದ ಪದಗಳಿಗೂ ವಿನಾಯಿತಿ ಕೊಟ್ಟ. ಓಡುತ್ತಿರುವ ಹಳೇ ಕೋಡನ್ನು ನಿಯಮದ ಹೆಸರಲ್ಲಿ ಮುರಿಯಲಿಲ್ಲ.

1872ರಲ್ಲಿ ಕಿಟೆಲ್ ಮಂಗಳೂರಿನಿಂದ ಈ ಪುಸ್ತಕವನ್ನು ಅಚ್ಚು ಹಾಕಿಸಿದರು. ಕೇಶಿರಾಜ ಕಾವ್ಯಗಳನ್ನೂ ಬರೆದಿದ್ದ: ಚೋಳಪಾಲಕಚರಿತ, ಸುಭದ್ರಾಹರಣ, ಪ್ರಬೋಧಚಂದ್ರ, ಕಿರಾತ. ಅವು ಯಾವುವೂ ಸಿಕ್ಕಿಲ್ಲ. ವ್ಯಾಕರಣದಲ್ಲಿ ತಾನೇ ಹೇಳಿಕೊಂಡಿದ್ದರಿಂದ ಅವುಗಳ ಹೆಸರು ಮಾತ್ರ ಉಳಿದಿವೆ.