ವೈದ್ಯಳಾದ ರುಖ್ಮಾಬಾಯಿಯ ಚರಿತ್ರೆ

ರುಖ್ಮಾಬಾಯಿಯು 1864ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿದಳು. ಆಕೆಯ ತಾಯಿಯು ಹದಿನೈದರಲ್ಲಿ ಹೆತ್ತು ಹದಿನೇಳರಲ್ಲಿ ವಿಧವೆಯಾದವಳು. ಮಗಳಿಗೂ 11ನೆಯ ವರುಷದಲ್ಲಿ ಮದುವೆಯಾಯಿತು, ಶಾಲೆಯು ನಿಂತುಹೋಯಿತು. ಕೆಲವು ತಿಂಗಳಲ್ಲಿ ಅವಳು ಮೈನೆರೆದಾಗ, ವೈದ್ಯನಾಗಿದ್ದ ಮಲತಂದೆ ಸಖಾರಾಮ ಅರ್ಜುನನು ಆ ಎಳೇ ಪ್ರಾಯದಲ್ಲಿ ಪ್ರಸ್ತಮಾಡಗೊಡಲಿಲ್ಲ. ಅವಳು ಮಿಶನ್ ಪುಸ್ತಕಾಲಯದ ಗ್ರಂಥಗಳನ್ನು ತರಿಸಿ ಮನೆಯಲ್ಲಿಯೇ ಕಲಿತಳು.

1884ರಲ್ಲಿ ಗಂಡನು ದಾವೆಹೂಡಿದನು. ಅವನ ಮನೆಗೆ ಹೋಗಬೇಕು, ಇಲ್ಲವೆ ಆರು ತಿಂಗಳು ಸೆರೆಯಲ್ಲಿರಬೇಕೆಂದು 1887ರಲ್ಲಿ ತೀರ್ಪಾದಾಗ, ಅವಳು ಸೆರೆಯನ್ನೇ ಆರಿಸಿಕೊಂಡಳು. ಮರುವರುಷ ರಾಜಿಯಾದದರಿಂದ ಸೆರೆಯು ತಪ್ಪಿತು. ಈ ವ್ಯಾಜ್ಯದಿಂದೆದ್ದ ಚರ್ಚೆಯು 1891ರ ಕಾಯಿದೆಗೆ ಒಂದು ಕಾರಣವಾಯಿತು. ಹನ್ನೆರಡು ತುಂಬದ ಹುಡುಗಿಯನ್ನು ಗಂಡನೂ ಕೂಡಬಾರದೆಂದು ಅದು ವಿಧಿಸಿತು. ಅವಳಾದರೋ ಲಂಡನ್ನಿನಲ್ಲಿ ವೈದ್ಯಶಾಸ್ತ್ರವನ್ನು ಕಲಿತು ಬಂದು, ಸೂರತ್ತಿನಲ್ಲಿ ಬಹುಕಾಲ ಸ್ತ್ರೀಯರ ಆರೈಕೆಮಾಡಿ, 1955ರಲ್ಲಿ ತೀರಿಹೋದಳು.

ತಾಯಿತಂದೆಗಳೇ, ಎಲುಬು ಬಲಿಯುವ ಮುಂಚೆ ಹೆರುವದು ತಾಯಿಗೂ ಕೂಸಿಗೂ ಅಪಾಯ. ಹುಡುಗಿಯು ಶಾಲೆಗೆ ಹೋಗುತ್ತಿರುವಷ್ಟು ಕಾಲ ಸಾಮಾನ್ಯವಾಗಿ ಮದುವೆಯೂ ಹೆರಿಗೆಯೂ ಮುಂದಕ್ಕೆ ಹೋಗುವವು. ತನ್ನ ದೇಹದ ಸಂಗತಿಯನ್ನು ಅವಳು ತಿಳುಕೊಳ್ಳುವಳು. ಆದದರಿಂದ ಮೈನೆರೆದಳೆಂದು ಮಗಳನ್ನು ಶಾಲೆಯಿಂದ ಬಿಡಿಸಬೇಡಿರಿ.