ಬರಿಗಾಲಲ್ಲಿ ಚಿನ್ನ ಗೆದ್ದ ಅಬೆಬೆ ಬಿಕಿಲಾ: ಹಾಗಾದರೆ ನಾವೂ ಶೂ ಬಿಚ್ಚಿ ಓಡಬೇಕೇ?

ಈ ಕಪ್ಪು-ಬಿಳುಪು ಫೋಟೊ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ರಾತ್ರಿ ಹೊತ್ತು, ತೆಳ್ಳಗಿನ ಓಟಗಾರರೊಬ್ಬರು, ಕಾಲಲ್ಲಿ ಏನೂ ಇಲ್ಲ. ಕೆಳಗಿನ ಬರಹ ಮಾತ್ರ ಬದಲಾಗುತ್ತಿರುತ್ತದೆ. ಶೂ ಕೊಳ್ಳಲು ಕಾಸಿಲ್ಲದ ಬಡವ ಒಲಿಂಪಿಕ್ಸ್ ಗೆದ್ದ ಎನ್ನುವುದು ಒಂದು. ಬರಿಗಾಲೇ ಮಂಡಿನೋವಿಗೆ ಮದ್ದು, ಶೂ ಕಂಪನಿಗಳದ್ದೆಲ್ಲ ಮೋಸ ಎನ್ನುವುದು ಇನ್ನೊಂದು. ಫೋಟೊ ನಿಜ, ಗೆದ್ದದ್ದೂ ನಿಜ. ಕೆಳಗಿನ ಬರಹವನ್ನು ನಂಬುವ ಮೊದಲು ಆ ಮನುಷ್ಯನ ಕತೆಯನ್ನು ಪೂರ್ತಿ ತಿಳಿದುಕೊಳ್ಳುವುದು ಒಳ್ಳೆಯದು.

ಅವರ ಹೆಸರು ಅಬೆಬೆ ಬಿಕಿಲಾ. ಇಥಿಯೋಪಿಯಾದಲ್ಲಿ ಎರಡನೆಯ ಹೆಸರು ತಂದೆಯದ್ದು, ನಮ್ಮ ಇನಿಷಿಯಲ್ ಇದ್ದ ಹಾಗೆ. ಆದ್ದರಿಂದ ಇಲ್ಲಿ ಅಬೆಬೆ ಎಂದೇ ಕರೆಯೋಣ. ಹುಟ್ಟಿದ್ದು 1932ರ ಆಗಸ್ಟ್ 7ರಂದು, ಜಾಟೊ ಎಂಬ ಸಣ್ಣ ಹಳ್ಳಿಯ ಕುರಿಗಾಹಿ ಕುಟುಂಬದಲ್ಲಿ. ಕಾಕತಾಳೀಯವೆಂದರೆ ಅದೇ ದಿನ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಮ್ಯಾರಥಾನ್ ನಡೆಯಿತು. ಅಬೆಬೆಗೆ ಮೂರು ವರ್ಷವಾಗಿದ್ದಾಗ ಮುಸೊಲಿನಿಯ ಇಟಲಿ ಇಥಿಯೋಪಿಯಾದ ಮೇಲೆ ದಂಡೆತ್ತಿ ಬಂತು. ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬೆಳೆದ ಮೇಲೆ ಅವರು ರಾಜಧಾನಿ ಅಡಿಸ್ ಅಬಾಬಾಕ್ಕೆ ಬಂದು ಚಕ್ರವರ್ತಿ ಹೈಲೆ ಸೆಲಾಸಿಯ ಅಂಗರಕ್ಷಕ ಪಡೆ ಸೇರಿದರು. ಅಂದರೆ ಸಂಬಳದ ಕೆಲಸವಿತ್ತು. ಶೂ ಕೊಳ್ಳಲು ಗತಿಯಿಲ್ಲದ ಬಡವ ಎನ್ನುವ ಕತೆ ಇಲ್ಲಿಗೇ ಮುಗಿಯುತ್ತದೆ. ಸ್ವೀಡನ್‌ನಿಂದ ಬಂದಿದ್ದ ಓನ್ನಿ ನಿಸ್ಕಾನೆನ್ ಈ ಸೈನಿಕನ ಓಟ ನೋಡಿ ತರಬೇತಿ ಕೊಡತೊಡಗಿದರು. ಅಡಿಸ್ ಅಬಾಬಾ ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದಲ್ಲಿರುವ ಊರು. ಅಲ್ಲಿ ಗಾಳಿಯಲ್ಲಿ ಆಮ್ಲಜನಕ ಕಡಿಮೆ ಸಿಗುವುದರಿಂದ ದೇಹ ಹೆಚ್ಚು ಕೆಂಪು ರಕ್ತಕಣಗಳನ್ನು ತಯಾರಿಸಿಕೊಳ್ಳುತ್ತದೆ, ದೂರದ ಓಟಕ್ಕೆ ಇದು ದೊಡ್ಡ ಬಲ. ಅವರ ಗೆಲುವಿನ ಲೆಕ್ಕದಲ್ಲಿ ಪಾದಕ್ಕಿಂತ ಮೊದಲು ಶ್ವಾಸಕೋಶ ಮತ್ತು ರಕ್ತವನ್ನು ಇಡಬೇಕು ಎನ್ನುವುದು ನನ್ನ ಅನಿಸಿಕೆ.

1960ರಲ್ಲಿ ಒಲಿಂಪಿಕ್ಸ್ ನಡೆದದ್ದು ರೋಮ್‌ನಲ್ಲಿ, ಅದೇ ಇಟಲಿಯ ರಾಜಧಾನಿಯಲ್ಲಿ. ಓಟಕ್ಕೆ ಸಿಕ್ಕ ಶೂಗಳು ಅಬೆಬೆಯ ಕಾಲಿಗೆ ಸರಿಯಾಗಿ ಕೂರಲಿಲ್ಲ. ಕಚ್ಚುವ ಶೂ ಹಾಕಿಕೊಂಡು 42 ಕಿಲೋಮೀಟರ್ ಓಡಿದರೆ ಬೊಬ್ಬೆ ಖಂಡಿತ. ಅವರು ಊರಲ್ಲಿ ಬರಿಗಾಲಲ್ಲೇ ಅಭ್ಯಾಸ ಮಾಡಿದ್ದವರು. ಹಾಗಾಗಿ ಬರಿಗಾಲಲ್ಲೇ ಓಡುವುದೆಂದು ತೀರ್ಮಾನವಾಯಿತು. ಅದು ಬಡತನವೂ ಅಲ್ಲ, ಹುಚ್ಚು ಸಾಹಸವೂ ಅಲ್ಲ. ಓಟದ ದಿನ ಹೊಸದೇನನ್ನೂ ಪ್ರಯೋಗಿಸಬಾರದು ಎಂದು ಇಂದಿನ ಕೋಚ್‌ಗಳು ಹೇಳುತ್ತಾರಲ್ಲ, ಅದೇ ಜಾಣತನ. ಅವರ ಮಟ್ಟಿಗೆ ಹೊಸದು ಎಂದರೆ ಆ ಶೂ.

ಸೆಪ್ಟೆಂಬರ್ 10ರ ಸಂಜೆ ಓಟ ಶುರುವಾಯಿತು. ಮೊರಾಕ್ಕೊದ ರಾಧಿ ಬೆನ್ ಅಬ್ದೆಸ್ಸಲಾಂ ಮೇಲೆ ಕಣ್ಣಿಡಬೇಕು, ಅವರ ಅಂಗಿಯ ಮೇಲೆ 26 ಎಂದಿರುತ್ತದೆ ಎಂದು ಅಬೆಬೆಗೆ ಹೇಳಲಾಗಿತ್ತು. ಆದರೆ ರಾಧಿ 185ನೇ ನಂಬರ್ ಹಾಕಿಕೊಂಡು ಓಡುತ್ತಿದ್ದರು. ಅಬೆಬೆ 26 ಎಲ್ಲಿ ಎಂದು ಹುಡುಕುತ್ತಾ, ಅದೇ ರಾಧಿಯ ಪಕ್ಕದಲ್ಲೇ ಓಡುತ್ತಾ ಸಾಗಿದರು. ಕತ್ತಲಾಯಿತು. ಹಳೆಯ ಆಪ್ಪಿಯನ್ ರಸ್ತೆಯುದ್ದಕ್ಕೂ ಇಟಲಿಯ ಸೈನಿಕರು ಪಂಜು ಹಿಡಿದು ನಿಂತಿದ್ದರು. ಗುರಿ ಇನ್ನೊಂದೂವರೆ ಕಿಲೋಮೀಟರ್ ಇರುವಾಗ ದಾರಿಯಲ್ಲಿ ಒಂದು ಎತ್ತರದ ಕಲ್ಲುಕಂಬ ಬರುತ್ತಿತ್ತು. ಅದು ಇಥಿಯೋಪಿಯಾದ ಅಕ್ಸುಂನಿಂದ ಇಟಲಿಯ ಸೇನೆ 1937ರಲ್ಲಿ ಹೊತ್ತು ತಂದಿದ್ದ ಸ್ತಂಭ. ವೇಗ ಹೆಚ್ಚಿಸಬೇಕಾದದ್ದು ಅಲ್ಲೇ ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದ ಅಬೆಬೆ ಅಲ್ಲಿಂದ ಮುನ್ನುಗ್ಗಿದರು. ಕಾನ್‌ಸ್ಟಂಟೈನ್ ಕಮಾನಿನ ಕೆಳಗೆ ಓಟ ಮುಗಿಸಿದಾಗ ಗಡಿಯಾರ 2 ಗಂಟೆ 15 ನಿಮಿಷ 16.2 ಸೆಕೆಂಡ್ ತೋರಿಸುತ್ತಿತ್ತು. ಅಂದಿನ ವಿಶ್ವದಾಖಲೆಗಿಂತ ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಮೇಲು. ರಾಧಿ 25 ಸೆಕೆಂಡ್ ಹಿಂದೆ. ಸಹಾರಾದ ದಕ್ಷಿಣದ ಆಫ್ರಿಕಾದ ಕಪ್ಪು ಓಟಗಾರರೊಬ್ಬರು ಒಲಿಂಪಿಕ್ಸ್ ಚಿನ್ನ ಗೆದ್ದದ್ದು ಅದೇ ಮೊದಲು. (ಆ ಸ್ತಂಭ ಇಥಿಯೋಪಿಯಾಕ್ಕೆ ವಾಪಸ್ ಹೋದದ್ದು 2005ರಲ್ಲಿ!)

ಫಾರ್ವರ್ಡ್‌ಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಮುಂದಿನದು ಅವಕ್ಕೆ ಬೇಡ, ಏಕೆಂದರೆ ಮುಂದೆ ಅಬೆಬೆ ಶೂ ಹಾಕಿಕೊಳ್ಳುತ್ತಾರೆ.

1961ರಲ್ಲಿ ಜಪಾನ್‌ನ ಒಸಾಕಾಕ್ಕೆ ಓಡಲು ಹೋದಾಗ ಓನಿತ್ಸುಕಾ ಎಂಬ ಶೂ ತಯಾರಕರು ಅವರ ಮನವೊಲಿಸಿದರು. ಶೂ ಹಾಕಿ ಓಡಿದರು, ಗೆದ್ದರು. 1964ರ ಟೋಕಿಯೊ ಒಲಿಂಪಿಕ್ಸ್‌ಗೆ ಕೆಲವೇ ವಾರ ಇರುವಾಗ ಅಪೆಂಡಿಕ್ಸ್ ಆಪರೇಷನ್ ಆಯಿತು. ಇನ್ನು ಓಟ ಮುಗಿಯಿತು ಎಂದುಕೊಂಡವರೇ ಹೆಚ್ಚು. ಅಕ್ಟೋಬರ್ 21ರಂದು ಅವರು ಪೂಮಾ ಶೂ ಮತ್ತು ಕಾಲುಚೀಲ ಹಾಕಿಕೊಂಡು 2 ಗಂಟೆ 12 ನಿಮಿಷ 11.2 ಸೆಕೆಂಡಿನಲ್ಲಿ ಮತ್ತೆ ವಿಶ್ವದಾಖಲೆ ಮಾಡಿದರು. ಎರಡನೆಯವರು ಬರಲು ನಾಲ್ಕು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಅಬೆಬೆ ಮೈದಾನದ ಹುಲ್ಲಿನ ಮೇಲೆ ಕಸರತ್ತು ಮಾಡುತ್ತಿದ್ದರು. ಒಲಿಂಪಿಕ್ಸ್ ಮ್ಯಾರಥಾನ್ ಎರಡು ಸಲ ಗೆದ್ದ ಮೊದಲಿಗರು ಅವರು.

ಬರಿಗಾಲಿಗಿಂತ ಶೂ ಹಾಕಿದಾಗ ಮೂರು ನಿಮಿಷ ಬೇಗ ಓಡಿದರು ಎಂದು ನೀವು ಹೊಸ ಫಾರ್ವರ್ಡ್ ಮಾಡಬೇಡಿ ಮತ್ತೆ. ರೋಮ್‌ನ ದಾರಿಯೇ ಬೇರೆ, ಹವೆಯೇ ಬೇರೆ, ನಡುವೆ ನಾಲ್ಕು ವರ್ಷದ ಅನುಭವವಿದೆ. ಒಬ್ಬ ವ್ಯಕ್ತಿಯ ಎರಡು ಓಟದಿಂದ ಶೂ ಪರವಾಗಿಯೂ ವಿರುದ್ಧವಾಗಿಯೂ ತೀರ್ಪು ಕೊಡಲಾಗದು.

1968ರ ಮೆಕ್ಸಿಕೊದಲ್ಲಿ ಅವರು ಮೂರನೇ ಚಿನ್ನಕ್ಕೆ ಹೊರಟಿದ್ದರು. ಓಟಕ್ಕೆ ಮುಂಚೆಯೇ ಎಡಗಾಲಿನ ಮೂಳೆಯಲ್ಲಿ ಬಿರುಕು ಕಂಡಿತ್ತು. ಸುಮಾರು 16 ಕಿಲೋಮೀಟರ್ ಓಡಿ ನಿಲ್ಲಿಸಿದರು. ಜಗತ್ತಿನ ಅತ್ಯುತ್ತಮ ಮ್ಯಾರಥಾನ್ ಓಟಗಾರನ ಮೂಳೆಯೂ ಬಿರುಕು ಬಿಡುತ್ತದೆ. ಗೆದ್ದದ್ದು ಅವರದೇ ದೇಶದ ಮಾಮೊ ವೋಲ್ಡೆ.

ಮರುವರ್ಷ ಮಾರ್ಚ್‌ನಲ್ಲಿ ರಾತ್ರಿ ಕಾರು ಓಡಿಸುತ್ತಿದ್ದಾಗ ಅಪಘಾತವಾಯಿತು. ಮತ್ತೆಂದೂ ನಡೆಯಲಾಗಲಿಲ್ಲ. ಚಿಕಿತ್ಸೆಗೆ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ಹೋದರು. ಅಲ್ಲಿನ ಅಂಗವಿಕಲರ ಕ್ರೀಡಾಕೂಟದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆ ಮಾಡಿದರು, ನಾರ್ವೆಯಲ್ಲಿ ಹಿಮದ ಮೇಲೆ ಸ್ಲೆಡ್ಜ್ ಓಟ ಗೆದ್ದರು. 1973ರ ಅಕ್ಟೋಬರ್ 25ರಂದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ವಯಸ್ಸು 41. ಅಂತ್ಯಕ್ರಿಯೆಗೆ ಚಕ್ರವರ್ತಿಯೇ ಬಂದಿದ್ದರು.

ಸತ್ತು 37 ವರ್ಷದ ಮೇಲೆ ಅವರ ಹೆಸರು ಒಂದು ಶೂ ಮೇಲೆ ಬಂತು. ವಿಬ್ರಾಂ ಕಂಪನಿ 2010ರಲ್ಲಿ ಐದು ಬೆರಳಿಗೂ ಬೇರೆಬೇರೆ ಗೂಡಿರುವ, ತೆಳು ಅಟ್ಟೆಯ ಓಟದ ಶೂಗೆ ಬಿಕಿಲಾ ಎಂದು ಹೆಸರಿಟ್ಟಿತು. ಒಪ್ಪಿಗೆ ಕೇಳಿಲ್ಲವೆಂದು ಕುಟುಂಬದವರು ಅಮೆರಿಕದಲ್ಲಿ ದಾವೆ ಹೂಡಿದರು. ತಡವಾಗಿ ಬಂದಿರಿ ಎಂಬ ಕಾರಣಕ್ಕೆ ಕೋರ್ಟ್ ಅದನ್ನು ಒಪ್ಪಲಿಲ್ಲ. ಆ ಬೆರಳಿನ ಶೂಗಳು ಆರೋಗ್ಯಕ್ಕೆ ಒಳ್ಳೆಯದೆಂದು ಹೇಳಿಕೊಂಡ ವಿಷಯದ ಇನ್ನೊಂದು ಮೊಕದ್ದಮೆಯನ್ನು ಕಂಪನಿ 2014ರಲ್ಲಿ, ತಪ್ಪೊಪ್ಪಿಕೊಳ್ಳದೆ, 37.5 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ಇಂಥವನ್ನು ಮಿನಿಮಲಿಸ್ಟ್ ಶೂ ಎನ್ನುತ್ತಾರೆ. ಸಾಮಾನ್ಯ ಓಟದ ಶೂನಲ್ಲಿ ಹಿಮ್ಮಡಿಯ ಭಾಗ ಬೆರಳಿನ ಭಾಗಕ್ಕಿಂತ 8ರಿಂದ 12 ಮಿಲಿಮೀಟರ್ ಎತ್ತರ ಇರುತ್ತದೆ, ಕೆಳಗೆ ಮೆತ್ತೆ ಇರುತ್ತದೆ. ಇವುಗಳಲ್ಲಿ ಎರಡೂ ಬಹಳ ಕಡಿಮೆ. ಹುಟ್ಟಿನಿಂದ ಬರಿಗಾಲಲ್ಲಿ ಓಡಿದವರು ಹೆಚ್ಚಾಗಿ ಪಾದದ ಮುಂಭಾಗ ಊರುತ್ತಾರೆ, ನೆಲದ ಮೊದಲ ಹೊಡೆತ ಅವರಿಗೆ ಕಡಿಮೆ ಎಂದು ಡೇನಿಯಲ್ ಲೀಬರ್‌ಮನ್ ತಂಡ 2010ರಲ್ಲಿ ತೋರಿಸಿತು. ಆದರೆ ಹೊಡೆತ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ. ಮಂಡಿಯ ಭಾರ ಇಳಿದಷ್ಟು ಮೀನಖಂಡ, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಮತ್ತು ಪಾದದ ಸಣ್ಣ ಮೂಳೆಗಳ ಮೇಲೆ ಏರುತ್ತದೆ. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 36 ಅನುಭವಿ ಓಟಗಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹತ್ತು ವಾರ ಬೆರಳಿನ ಶೂ ಅಭ್ಯಾಸ ಮಾಡಿಸಿದರು. ಎಂಆರ್‌ಐ ನೋಡಿದಾಗ ಅವರಲ್ಲಿ 19ರಲ್ಲಿ 10 ಮಂದಿಗೆ ಪಾದದ ಮೂಳೆಯೊಳಗೆ ಊತ ಹೆಚ್ಚಿತ್ತು. ಹಳೆಯ ಶೂನಲ್ಲೇ ಓಡಿದ 17 ಜನರಲ್ಲಿ ಒಬ್ಬರಿಗೆ ಮಾತ್ರ. ಅಬೆಬೆಯ ಪಾದಕ್ಕೆ ಇದ್ದದ್ದು ಇಪ್ಪತ್ತೆಂಟು ವರ್ಷದ ತಯಾರಿ, ಹತ್ತು ವಾರದ್ದಲ್ಲ.

ಹಾಗೆಂದು ಇಂಥ ಶೂ ಹಾಕಲೇಬಾರದು ಎಂದಲ್ಲ. ಇಷ್ಟವಿದ್ದರೆ ಮೊದಲ ಎರಡು-ಮೂರು ವಾರ ಬರೀ ನಡೆಯಲು ಬಳಸಿ. ಜತೆಗೆ ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ ದಿನವೂ ಇರಲಿ. ಆಮೇಲೆ ಅರ್ಧ ಗಂಟೆ ಓಡುವವರಾದರೆ ಮೂರು ನಿಮಿಷ ಹೊಸ ಶೂನಲ್ಲಿ, ಉಳಿದದ್ದು ಹಳೆಯದರಲ್ಲಿ. ವಾರಕ್ಕೆ ಎರಡು-ಮೂರು ನಿಮಿಷಕ್ಕಿಂತ ಹೆಚ್ಚಿಸಬೇಡಿ. ತಿಂಗಳುಗಟ್ಟಲೆ ಹಿಡಿಯುತ್ತದೆ, ಏಕೆಂದರೆ ಸ್ನಾಯು ಬೇಗ ಬಲಿಯುತ್ತದೆ, ಮೂಳೆಗೆ ನಿಧಾನ. ತುದಿಗಾಲಲ್ಲೇ ಓಡಬೇಕೆಂದು ಹಟ ಹಿಡಿಯಬೇಡಿ, ಹೆಜ್ಜೆ ಚಿಕ್ಕದಾಗಿ ಚುರುಕಾಗಿದ್ದರೆ ಸಾಕು. ಮರುದಿನ ಮೀನಖಂಡ ಬಿಗಿಯಾಗುವುದು ಸಹಜ. ಪಾದದ ಮೇಲ್ಭಾಗದಲ್ಲಿ ಒಂದೇ ಜಾಗ ಒತ್ತಿದರೆ ನೋವಾಗುತ್ತಿದ್ದರೆ ಮಾತ್ರ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಕೂದಲೆಳೆಯ ಬಿರುಕು ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು.

ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಂತಿರುವವರಿಗೆ ಬರಿಗಾಲ ಓಟವೂ ಬೇಡ, ಬೆರಳಿನ ಶೂ ಕೂಡ ವೈದ್ಯರನ್ನು ಕೇಳದೆ ಬೇಡ. ಅವರಿಗೆ ಮುಳ್ಳು ಚುಚ್ಚಿದ್ದು, ಬೊಬ್ಬೆ ಒಡೆದದ್ದು ತಿಳಿಯುವುದಿಲ್ಲ, ಗಾಯ ಕೊಳೆಯತೊಡಗಿದ ಮೇಲೆಯೇ ಕಣ್ಣಿಗೆ ಬೀಳುತ್ತದೆ. ಆ ಫೋಟೊ ನಿಮ್ಮ ಮನೆಯ ಗುಂಪಿಗೆ ಬಂದಾಗ ಅಪ್ಪನಿಗೋ ಅತ್ತೆಗೋ ಮೊದಲು ಹೇಳಬೇಕಾದದ್ದು ಇದನ್ನು.