ಬುಕ್ಕರಾಯನ ಒಡಂಬಡಿಕೆ

ಹಕ್ಕಬುಕ್ಕರೆಂದು ಇಬ್ಬರು ಸಹೋದರರ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವುದು ನಮ್ಮ ನಾಡಿನ ರೂಢಿ. ಇದರಿಂದ ಕಿರಿಯನಾದ ಬುಕ್ಕನಿಗೆ ಸ್ವಲ್ಪ ಅನ್ಯಾಯವೇ ಆಗಿದೆ. ಅಣ್ಣ ಹರಿಹರನು ಅಡಿಪಾಯ ಹಾಕಿದ ರಾಜ್ಯವನ್ನು ವಿಸ್ತರಿಸಿ ಭದ್ರಪಡಿಸಿದವನು ಬುಕ್ಕರಾಯನು.

1327ರಲ್ಲಿ ಕಂಪಿಲಿಯ ದೊರೆ ಕಂಪಿಲರಾಯನು ದೆಹಲಿಯ ಸೈನ್ಯದೊಡನೆ ಹೋರಾಡಿ ಮಡಿದನು. ತುಂಗಭದ್ರೆಯ ಎರಡು ದಡಗಳೂ ತಲ್ಲಣಿಸಿದವು. ಅಂತಹ ಕಾಲದಲ್ಲಿ ಸಂಗಮನ ಐವರು ಮಕ್ಕಳು ತಲೆಯೆತ್ತಿದರು. 1336ರಲ್ಲಿ ವಿಜಯನಗರ ರಾಜ್ಯವು ಹುಟ್ಟಿತೆಂಬುದು ಪರಂಪರೆಯಿಂದ ಬಂದ ಮಾತು. ಹರಿಹರನ ತರುವಾಯ, 1356ರಲ್ಲಿ, ಬುಕ್ಕನು ಅರಸನಾದನು. ಅವನ ಮಗ ಕಂಪಣನು ಮಧುರೆಯವರೆಗೆ ದಂಡೆತ್ತಿ ಹೋಗಿ ಗೆದ್ದನು; ಆ ಕಥೆಯನ್ನು ಕಂಪಣನ ರಾಣಿ ಗಂಗಾದೇವಿಯೇ ಸಂಸ್ಕೃತದಲ್ಲಿ ಕಾವ್ಯವಾಗಿ ರಚಿಸಿದಳು. ಸಾಯಣಾಚಾರ್ಯರ ವೇದಭಾಷ್ಯಕ್ಕೆ ಪ್ರೇರಣೆ ನೀಡಿದವನೂ ಬುಕ್ಕನೇ.

ಆದರೆ ಯುದ್ಧದ ಕ್ರೌರ್ಯವನ್ನೂ ಅವನು ಕಂಡಿದ್ದನು. ಬಹಮನಿ ಸುಲ್ತಾನ ಒಂದನೆಯ ಮಹಮ್ಮದ್ ಷಾನೊಡನೆ ನಡೆದ ಕದನದಲ್ಲಿ ಶಸ್ತ್ರ ಹಿಡಿಯದ ಜನರೂ ಬಲಿಯಾದರು. ಇನ್ನು ಮುಂದೆ ಯುದ್ಧಕ್ಕೆ ಸೇರದ ಪ್ರಜೆಗಳನ್ನು ಕೊಲ್ಲಬಾರದೆಂದು ಕೊನೆಗೆ ಒಪ್ಪಂದವಾಯಿತೆಂದು ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ.

ಇಂತಹ ಅರಸನ ಮುಂದೆ 1368ರಲ್ಲಿ ಬೇರೊಂದು ಬಗೆಯ ಕಲಹ ಬಂದಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಊರುಗಳ ಜೈನರು, ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಬಿನ್ನವಿಸಿಕೊಂಡರು. (ಈ ಹೊಸಪಟ್ಟಣವನ್ನು ನಮ್ಮ ಹೊಸಪೇಟೆಯೆಂದು ಭ್ರಮಿಸಬಾರದು; ಹೊಸಪೇಟೆಯನ್ನು ಕಟ್ಟಿಸಿದವನು ಮುಂದೆ ಬಂದ ಕೃಷ್ಣದೇವರಾಯ.) ಪಂಚಮಹಾವಾದ್ಯ ಮತ್ತು ಕಲಶಗಳ ಗೌರವ ಜೈನರಿಗೆ ಸಲ್ಲುವುದೇ ಎಂಬುದು ವಿವಾದದ ತಿರುಳು. ಒಂದು ಕಾಲಕ್ಕೆ ಅರಸರ ಮನ್ನಣೆ ಪಡೆದಿದ್ದ ಜೈನರು ಆ ವೇಳೆಗೆ ಬಲಗುಂದಿದ್ದರು. ಬುಕ್ಕನಾದರೋ ಹಂಪೆಯ ವಿರೂಪಾಕ್ಷನ ಭಕ್ತ. ಎರಡು ಪಕ್ಷಗಳಲ್ಲಿ ಯಾವುದಕ್ಕೂ ಸೇರಿದವನಲ್ಲ.

ಅವನು ಅಪರಾಧಿಗಳನ್ನು ಹಿಡಿದು ದಂಡಿಸಿ ಕೈ ತೊಳೆದುಕೊಳ್ಳಬಹುದಾಗಿತ್ತು. ಹಾಗೆ ಮಾಡಿದ್ದರೆ ಸೋತವರ ಮನಸ್ಸಿನಲ್ಲಿ ಹಗೆ ಉಳಿಯುತ್ತಿತ್ತು. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಹದಿನೆಂಟು ನಾಡುಗಳ ಶ್ರೀವೈಷ್ಣವರೂ ನೆರೆದಿರಲು, ಬುಕ್ಕನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿದನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದೂ, ವಾದ್ಯ ಮತ್ತು ಕಲಶಗಳು ಹಿಂದಿನಂತೆ ಜೈನರಿಗೆ ಸಲ್ಲಬೇಕೆಂದೂ, ಜೈನರಿಗಾದ ಹಾನಿಯನ್ನು ವೈಷ್ಣವರು ತಮ್ಮದೇ ಹಾನಿಯೆಂದು ಎಣಿಸಬೇಕೆಂದೂ ವಿಧಿಸಿದನು.

ಒಳ್ಳೆಯ ಮಾತುಗಳನ್ನಾಡಲು ಯಾರಿಗೂ ಖರ್ಚಿಲ್ಲ. ಈ ಒಡಂಬಡಿಕೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದುದು ಅದರ ಲೆಕ್ಕಾಚಾರ. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಹಣವೆಂಬುದು ಅಂದಿನ ಸಣ್ಣ ಚಿನ್ನದ ನಾಣ್ಯ. ಅದರಿಂದ ತಿರುಮಲೆಯ ತಾತಯ್ಯನು ಶ್ರವಣಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಶಿಥಿಲವಾದ ಜಿನಾಲಯಗಳಿಗೆ ಸುಣ್ಣ ಬಳಿಸಿ ಜೀರ್ಣೋದ್ಧಾರ ಮಾಡಿಸಬೇಕು. ನಿನ್ನೆಯವರೆಗೆ ಎದುರು ಪಕ್ಷವಾಗಿದ್ದವರಲ್ಲಿ ಒಬ್ಬನೇ ಇಂದು ಬಸದಿಯ ಕಾವಲಿನ ಹೊಣೆಗಾರ! ಮುರಿದುಬಿದ್ದ ಗೋಡೆಯನ್ನು ತನ್ನ ಕೈಯಿಂದಲೇ ಎತ್ತಿ ನಿಲ್ಲಿಸುವವನಿಗೆ ಅದನ್ನು ಮತ್ತೆ ಕೆಡವಲು ಮನಸ್ಸು ಬಾರದೆಂಬುದನ್ನು ಬುಕ್ಕನು ಬಲ್ಲವನಾಗಿದ್ದನೆಂದು ತೋರುತ್ತದೆ. ಈ ಕಟ್ಟಳೆಯನ್ನು ಮೀರಿದವನು ರಾಜದ್ರೋಹಿಯೆನಿಸುತ್ತಿದ್ದನು.

ಬುಕ್ಕರಾಯನು 1377ರಲ್ಲಿ ತೀರಿಕೊಂಡನು. ಅವನ ಮಗ ಇಮ್ಮಡಿ ಹರಿಹರನು ಪಟ್ಟಕ್ಕೆ ಬಂದನು. ಒಡಂಬಡಿಕೆಯನ್ನು ಕಲ್ಲಿನಲ್ಲಿ ಕೊರೆಸಲಾಗಿತ್ತು. ಅಂತಹ ಒಂದು ಕಲ್ಲು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿಯೂ, ಇನ್ನೊಂದು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ದೊರೆತಿವೆ. ಬೆಳಗೊಳದ ಶಾಸನದ ಕೊನೆಯಲ್ಲಿ ಕಲ್ಲೆಹದ ಬುಸುವಿಸೆಟ್ಟಿಯ ಹೆಸರಿದೆ. ದೊರೆಗೆ ಬಿನ್ನಹ ಮಾಡಿ, ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರವನ್ನು ನಡೆಸಿದವನು ಅವನು. ಜೈನರೂ ವೈಷ್ಣವರೂ ಕೂಡಿ ಆ ವರ್ತಕನಿಗೆ ಸಂಘನಾಯಕನೆಂಬ ಪಟ್ಟವನ್ನು ಕಟ್ಟಿದರು.